ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದರೆ...

ಹೋದ ಭಾನುವಾರ ನಮ್ಮ ಕನ್ನಡ ಬಳಗದ ಕಮಿಟಿ ಮೀಟಿಂಗ್ ಇತ್ತು. ಅಜೆಂಡಾದಲ್ಲಿ ನಾಲ್ಕೇ ವಿಷಯ. ಮೊದಲ ಮೂರು ಹದಿನೈದು ನಿಮಿಷದಲ್ಲಿ ಮುಗಿದವು. ನಾಲ್ಕನೆಯದಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ, ಎರಡು ಸುತ್ತು ಚಹಾ ಮತ್ತು ಒಬ್ಬರ ಮುನಿಸು ಖರ್ಚಾಯಿತು. ವಿಷಯ ಏನಪ್ಪಾ ಅಂದರೆ, ನಮ್ಮ ತಿಂಗಳ ಆನ್‌ಲೈನ್ ಕೂಟಕ್ಕೆ ಯಾವ ಆ್ಯಪ್ ಇಟ್ಟುಕೊಳ್ಳಬೇಕು?

ಪುಣೆ ದೊಡ್ಡ ಊರು. ನಿಗಡಿಯಿಂದ ಹಡಪ್ಸರಕ್ಕೆ ಭಾನುವಾರ ಸಂಜೆ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ. ಹಾಗಾಗಿ 2020ರಲ್ಲಿ ಲಾಕ್‌ಡೌನ್ ಅಂತ ಶುರು ಮಾಡಿದ ಆನ್‌ಲೈನ್ ಕೂಟವನ್ನು ಲಾಕ್‌ಡೌನ್ ಮುಗಿದ ಮೇಲೂ ಬಿಡಲಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಎದುರಾಬದುರು ಸೇರುತ್ತೇವೆ, ಉಳಿದ ತಿಂಗಳು ಎರಡನೇ ಭಾನುವಾರ ಸಂಜೆ ಐದಕ್ಕೆ ಫೋನಿನಲ್ಲಿ. ನಲವತ್ತು ಐವತ್ತು ಮಂದಿ ಬರುತ್ತಾರೆ. ಒಬ್ಬರು ಕಥೆ ಓದುತ್ತಾರೆ, ಇನ್ನೊಬ್ಬರು ಹಾಡುತ್ತಾರೆ, ಕೊನೆಗೆ ಒಂದಿಷ್ಟು ಹರಟೆ.

ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಟೀಮ್ಸ್ ಅಂದರು. ಕಾರ್ಯದರ್ಶಿಗಳು ಜೂಮ್ ಬಿಡುವುದಿಲ್ಲ ಅಂದರು. ಖಜಾಂಚಿಗಳು "ದುಡ್ಡು ಕೊಡೂದ್ಯಾಕ್ರೀ, ಗೂಗಲ್ ಮೀಟ್ ಫುಕಟ್ ಐತಿ" ಅಂದರು. ಮಹಿಳಾ ವಿಭಾಗದವರು ವಾಟ್ಸಾಪೇ ಸಾಕು ಅಂದರು. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಬ್ಯಾಂಕಿನವರು. ಒಂದು ಕಂಪ್ಯಾರೆಟಿವ್ ಸ್ಟೇಟ್‌ಮೆಂಟ್ ಮಾಡಿಕೊಂಡು ಬರ್ರಿ, ಮುಂದಿನ ಮೀಟಿಂಗ್‌ನ್ಯಾಗ ಮುಗಿಸೋಣು" ಅಂದರು.

ಬ್ಯಾಂಕಿನಲ್ಲಿ ಕೆಲಸ ಮಾಡದವರಿಗೆ ಈ ಮಾತಿನ ಭಾರ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಿ, ಗೆರೆ ಹಾಕಿ, ಎಡಗಡೆ ಗುಣ, ಬಲಗಡೆ ಬೆಲೆ ಬರೆದು, ಯಾರದ್ದು ಕಡಿಮೆಯೋ ಅವರ ಮುಂದೆ ಎಲ್-ವನ್ ಅಂತ ಬರೆದು ಸಹಿ ಮಾಡಬೇಕು. ಮೂವತ್ತು ವರ್ಷ ಅದನ್ನೇ ಮಾಡಿದವನು ನಾನು. ಓದಿದ್ದು ಬಿ.ಕಾಂ., ಕಂಪ್ಯೂಟರ್ ಕಲಿತದ್ದು ಶಾಖೆಯಲ್ಲಿ, ಬೈಸಿಕೊಳ್ಳುತ್ತಾ. ತಾಂತ್ರಿಕ ಪಂಡಿತನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಸ್ಟೇಟ್‌ಮೆಂಟ್ ಮಾಡುವುದು ಗೊತ್ತು. ಮಾಡಿದೆ. ಮಾಡಿದ ಮೇಲೆ ಅದರಲ್ಲಿ ಒಂದು ಕಾಲಂ ತಪ್ಪಿಹೋಗಿದೆ ಅನ್ನಿಸಿತು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಮೊದಲು ಹೋದವರನ್ನು ನೆನೆಯುವುದು ಪದ್ಧತಿ. ಸ್ಕೈಪ್ ಇಲ್ಲದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. 2003ರಲ್ಲಿ ಬಂತು. 2005ರಲ್ಲಿ ಈಬೇ ಕೊಂಡಿತು, 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಕೊಂಡಿತು. ನಮ್ಮ ಅಕ್ಕನ ಮಗ ಅಮೆರಿಕಕ್ಕೆ ಹೋದ ಹೊಸದರಲ್ಲಿ ಧಾರವಾಡದಿಂದ ಬಂದಿದ್ದ ಅವ್ವನನ್ನು ನಮ್ಮ ಮನೆಯ ಕಂಪ್ಯೂಟರ್ ಮುಂದೆ ಕೂರಿಸಿದ್ದೆ. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. "ಉಂಡಿ ಏನೋ?" ಅಂತ ಇವಳು ಕೇಳಿ, ಉತ್ತರ ಬರಲಿಲ್ಲ ಅಂತ ಮತ್ತೆ ಕೇಳುವಷ್ಟರಲ್ಲಿ ಅವನ ಮೊದಲ ಉತ್ತರ ಬರುತ್ತಿತ್ತು. ಅರ್ಧ ತಾಸಿನಲ್ಲಿ ಉಂಡದ್ದರ ವಿಚಾರ ಒಂದೇ ಇತ್ಯರ್ಥವಾದದ್ದು. ಆದರೂ "ಹುಡುಗ ಸೊರಗ್ಯಾನ" ಅಂತ ಅವ್ವ ಕಣ್ಣು ಒರೆಸಿಕೊಂಡಳು. ಐ.ಎಸ್.ಡಿ. ಬೂತಿನಲ್ಲಿ ಮೀಟರ್ ನೋಡುತ್ತಾ ಮಾತಾಡಿದ ನಮಗೆ ಅದೇ ದೊಡ್ಡ ಪವಾಡ. ಆ ಸ್ಕೈಪ್ ಅನ್ನು 2025ರ ಮೇ 5ರಂದು ಮುಚ್ಚಿದರು. ಬಳಸುತ್ತಿದ್ದವರಿಗೆ ಟೀಮ್ಸ್‌ಗೆ ಹೋಗಿ ಅಂದರು. ಇದರಿಂದ ನಾನು ಕಲಿತದ್ದು, ಆ್ಯಪ್ ಮೇಲೆ ಪ್ರೀತಿ ಇಡಬಾರದು. ಇಂದು ಇದ್ದದ್ದು ನಾಳೆ ಇರಲಿಕ್ಕಿಲ್ಲ.

ಈಗ ಸ್ಟೇಟ್‌ಮೆಂಟ್‌ಗೆ ಬರೋಣ.

ಜೂಮ್: ವೆಬೆಕ್ಸ್ ಎಂಬ ಕಂಪನಿಯಲ್ಲಿ ದುಡಿದು, ಅದನ್ನು ಸಿಸ್ಕೋ ಕೊಂಡ ಮೇಲೂ ಅಲ್ಲೇ ಇದ್ದು, ನಂತರ ಹೊರಬಂದ ಎರಿಕ್ ಯುವಾನ್ ಎಂಬುವರು 2011ರಲ್ಲಿ ಶುರು ಮಾಡಿದ್ದು. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಹೆಚ್ಚೆಂದರೆ ಒಂದು ಕೋಟಿ ಹಾಜರಿ ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ 30 ಕೋಟಿ ಆಯಿತು. (ಹಾಜರಿ ಅಂದೆ, ಜನ ಅನ್ನಲಿಲ್ಲ. ಒಬ್ಬನೇ ದಿನಕ್ಕೆ ಐದು ಮೀಟಿಂಗ್ ಸೇರಿದರೆ ಐದು ಹಾಜರಿ. ಮೊದಲು ಕಂಪನಿಯೂ ಅದನ್ನು ಬಳಕೆದಾರರ ಲೆಕ್ಕ ಅಂತ ಹೇಳಿ ಆಮೇಲೆ ತಿದ್ದಿಕೊಂಡಿತು. ಲೆಕ್ಕದವನ ಕಣ್ಣು ಇಂಥದ್ದರ ಮೇಲೇ ಬೀಳುತ್ತದೆ ನೋಡಿ.) ಪುಕ್ಕಟೆ ಖಾತೆಯಲ್ಲಿ ನೂರು ಜನ ಸೇರಬಹುದು, ಆದರೆ 40 ನಿಮಿಷಕ್ಕೆ ಬಾಗಿಲು. ಕಥೆ ಓದುವವರು ಕೊನೆಯ ಪ್ಯಾರಾಕ್ಕೆ ಬಂದಿದ್ದರೂ ಅದಕ್ಕೆ ದಯೆ ಇಲ್ಲ. ದುಡ್ಡು ಕೊಟ್ಟರೆ ಈ ತೊಂದರೆ ಇಲ್ಲ. ನಡೆಸುವವರ ಕೈಯಲ್ಲಿ ಅಧಿಕಾರ ಚೆನ್ನಾಗಿದೆ. ಎಲ್ಲರ ಬಾಯಿ ಒಂದೇ ಸಲ ಮುಚ್ಚಿಸಬಹುದು, ಬಂದವರನ್ನು ಹೊರಗೆ ಕೂರಿಸಿ ಒಬ್ಬೊಬ್ಬರನ್ನೇ ಒಳಗೆ ಬಿಡಬಹುದು. ಇನ್ನೊಂದು, ಸಂಗೀತದವರು ಗಮನಿಸಬೇಕು. ಈ ಆ್ಯಪ್‌ಗಳೆಲ್ಲ ಮನುಷ್ಯರ ಮಾತು ಬಿಟ್ಟು ಉಳಿದ ಸದ್ದನ್ನು ಗದ್ದಲ ಅಂತ ತಿಳಿದು ಅಳಿಸಲು ನೋಡುತ್ತವೆ. ತಂಬೂರಿಯ ಶ್ರುತಿ, ಪೇಟಿಯ ಸ್ವರ ಅವುಗಳ ಪಾಲಿಗೆ ಫ್ಯಾನಿನ ಸದ್ದು! ಜೂಮ್‌ನಲ್ಲಿ ಮೂಲ ಧ್ವನಿಯನ್ನು ಹಾಗೇ ಕಳಿಸುವ ಒಂದು ಆಯ್ಕೆ ಇದೆ. ಟೀಮ್ಸ್‌ನಲ್ಲೂ ಸಂಗೀತಕ್ಕೆ ಅಂತ ಬೇರೆ ಆಯ್ಕೆ ಇದೆ. ಹಾಡುವವರು ಅದನ್ನು ಒತ್ತಿಕೊಂಡೇ ಕೂರಬೇಕು.

ಗೂಗಲ್ ಮೀಟ್: 2017ರಲ್ಲಿ ಕಂಪನಿಗಳಿಗೆ ಅಂತ ಬಂದದ್ದು, 2020ರ ಮೇ ತಿಂಗಳಿಂದ ಎಲ್ಲರಿಗೂ ಪುಕ್ಕಟೆ. ಮೂವರಿಗಿಂತ ಕಡಿಮೆ ಇದ್ದರೆ ದಿನವಿಡೀ ಮಾತಾಡಬಹುದು. ಮೂವರು ಅಥವಾ ಹೆಚ್ಚು ಇದ್ದರೆ 60 ನಿಮಿಷ, ನೂರು ಜನ. ಕಂಪ್ಯೂಟರ್‌ನಲ್ಲಿ ಏನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತದೆ. ಆಂಡ್ರಾಯ್ಡ್ ಫೋನ್ ಇದ್ದವರಿಗೆ ಹೇಗೂ ಗೂಗಲ್ ಖಾತೆ ಇರುತ್ತದೆ. ನೋಡಲು ಸರಳ, ಖರ್ಚಿಲ್ಲ. ನಮ್ಮ ಖಜಾಂಚಿಗಳ ಪ್ರೀತಿಗೆ ಕಾರಣ ಇದೆ.

ಟೀಮ್ಸ್: ಇದೂ 2017ರದ್ದು. ಪುಕ್ಕಟೆ ಖಾತೆಗೆ 60 ನಿಮಿಷ, ನೂರು ಜನ. ಆಫೀಸಿನವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಫೈಲು, ಮಾತುಕತೆ, ಮೀಟಿಂಗಿನ ದಾಖಲೆ ಎಲ್ಲ ಒಂದೇ ಕಡೆ. ಆದರೆ ಹಾಡು ಕೇಳಲು ಬರುವ ಎಪ್ಪತ್ತೈದು ವರ್ಷದವರಿಗೆ ಆ ಸಲಕರಣೆ ಎಲ್ಲ ಯಾಕೆ? ಮದುವೆ ಮನೆಯ ಹಜಾರದಲ್ಲಿ ಆಫೀಸಿನ ಗಾಡ್ರೇಜ್ ಬೀರು ತಂದಿಟ್ಟ ಹಾಗಾಗುತ್ತದೆ.

ವೆಬೆಕ್ಸ್: ಎಲ್ಲರಿಗಿಂತ ಹಿರಿಯ, 1995ರಷ್ಟು ಹಿಂದಿನದು. ಸಿಸ್ಕೋ ಕೊಂಡದ್ದು 2007ರಲ್ಲಿ. ಪುಕ್ಕಟೆಗೆ 40 ನಿಮಿಷ, ನೂರು ಜನ. ದೊಡ್ಡ ಸಂಸ್ಥೆಗಳಲ್ಲಿ ಮರ್ಯಾದೆ ಇದೆ, ನಮ್ಮ ಮನೆಗಳಲ್ಲಿ ಪರಿಚಯ ಕಡಿಮೆ.

ವಾಟ್ಸಾಪ್: ವಿಡಿಯೋ ಕರೆ ಬಂದದ್ದು 2016ರಲ್ಲಿ. ಗುಂಪು ಕರೆ 2018ರಲ್ಲಿ, ಆಗ ನಾಲ್ಕೇ ಜನ. 2020ರ ಏಪ್ರಿಲ್‌ನಲ್ಲಿ ಎಂಟು, 2022ರಲ್ಲಿ 32. ಸಮಯದ ಮಿತಿ ಇಲ್ಲ, ಕನ್ನಡದಲ್ಲೇ ಬಳಸಬಹುದು, ಮಾತು ಈ ತುದಿಯಿಂದ ಆ ತುದಿಯವರೆಗೆ ಬೀಗ ಹಾಕಿಕೊಂಡೇ ಹೋಗುತ್ತದೆ. ಜೂಮ್‌ನಲ್ಲಿ ಅಂಥ ಬೀಗ 2020ರ ಅಕ್ಟೋಬರ್‌ನಿಂದ ಸಿಗುತ್ತಿದೆ, ಆದರೆ ನಡೆಸುವವರು ತಾವಾಗಿ ಹಾಕಿಕೊಳ್ಳಬೇಕು. ವಾಟ್ಸಾಪ್‌ನ ಕೊರತೆ ಅಂದರೆ ಜನ ಹೆಚ್ಚಾದರೆ ಸಾಲದು, ಮತ್ತು ಗುಂಪಿನಲ್ಲಿ ಎಲ್ಲರ ಫೋನ್ ನಂಬರೂ ಎಲ್ಲರಿಗೂ ಸಿಕ್ಕಿಬಿಡುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಜಿಟ್ಸಿ ಅಂತ ಇನ್ನೊಂದಿದೆ. ಮೂಲ ಸಂಕೇತವನ್ನೇ ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ. ಸೇರುವವರಿಗೆ ಖಾತೆಯೇ ಬೇಡ. 2023ರ ಆಗಸ್ಟ್‌ನಿಂದ ಅವರ ಸಾರ್ವಜನಿಕ ತಾಣದಲ್ಲಿ ಸಭೆ ತೆರೆಯುವವರು ಮಾತ್ರ ಲಾಗಿನ್ ಆಗಬೇಕು. ನಮ್ಮ ದೇಶದವೂ ಇವೆ. 2020ರಲ್ಲಿ ಕೇಂದ್ರ ಸರಕಾರ ಸ್ವದೇಶಿ ವಿಡಿಯೋ ಕಾನ್ಫರೆನ್ಸ್‌ಗೆ ಅಂತ ಸ್ಪರ್ಧೆ ಇಟ್ಟಾಗ ಕೇರಳದ ಆಲಪ್ಪುಳದ ಟೆಕ್‌ಜೆನ್ಸಿಯಾ ಎಂಬ ಸಣ್ಣ ಕಂಪನಿ ಗೆದ್ದು ಒಂದು ಕೋಟಿ ರೂಪಾಯಿ ಬಹುಮಾನ ಪಡೆಯಿತು. ಚೆನ್ನೈನ ಜೋಹೋದವರದ್ದೂ ಒಂದಿದೆ. ಅಭಿಮಾನ ನನಗೂ ಇದೆ. ಆದರೆ ಬಳಗದವರ ಫೋನಿನಲ್ಲಿ ಇನ್ನೊಂದು ಹೊಸದನ್ನು ಹಾಕಿಸುವ ಧೈರ್ಯ ನನಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡೇಟಾ ಎಷ್ಟು ತಿನ್ನುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಇಬ್ಬರ ನಡುವೆ ಒಳ್ಳೆಯ ಚಿತ್ರಕ್ಕೆ ಸೆಕೆಂಡಿಗೆ 600 ಕಿಲೋಬಿಟ್ ಬೇಕು ಅಂತ ಜೂಮ್‌ನವರೇ ಹೇಳುತ್ತಾರೆ. ಎಂಟು ಬಿಟ್‌ಗೆ ಒಂದು ಬೈಟ್. ಒಂದು ಗಂಟೆಗೆ 3600 ಸೆಕೆಂಡ್. ಗುಣಿಸಿ ಭಾಗಿಸಿದರೆ 270 ಎಂ.ಬಿ. ಹೋಗುವುದಕ್ಕೆ ಅಷ್ಟು, ಬರುವುದಕ್ಕೆ ಅಷ್ಟು. ಒಟ್ಟು ಅರ್ಧ ಜಿ.ಬಿ.ಗಿಂತ ಸ್ವಲ್ಪ ಹೆಚ್ಚು. ನಿಮ್ಮ ಕ್ಯಾಮೆರಾ ಮುಚ್ಚಿ ಕೂತರೆ ಹೋಗುವ ಪಾಲು ಬಹುತೇಕ ಉಳಿಯಿತು. ಊರಲ್ಲಿ ಸಿಗ್ನಲ್ ಸರಿಯಿಲ್ಲದವರಿಗೆ ನಾನು ಹೇಳುವ ಮೊದಲ ಉಪಾಯ ಇದೇ.

ಇನ್ನೊಂದು ಮಾತು. ನಾಡಗೀತೆಯನ್ನು ಎಲ್ಲರೂ ಸೇರಿ ಹಾಡೋಣ ಅನ್ನುವ ಆಸೆ ಪ್ರತಿ ನವೆಂಬರ್‌ನಲ್ಲೂ ಹುಟ್ಟುತ್ತದೆ. ಯಾವ ಆ್ಯಪ್ ತಂದರೂ ಅದು ಆಗುವುದಿಲ್ಲ. ಒಬ್ಬರ ಧ್ವನಿ ಇನ್ನೊಬ್ಬರಿಗೆ ಮುಟ್ಟುವಾಗ ಕ್ಷಣದ ಒಂದು ಪಾಲು ತಡವಾಗುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ರೀತಿ. ನಲವತ್ತು ಜನ ನಲವತ್ತು ಜಾಗದಲ್ಲಿ ಇರುತ್ತಾರೆ, ಸಾಲಿನಲ್ಲೂ ಕಾಲದಲ್ಲೂ. ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿಕೊಂಡು ಮನೆಯಲ್ಲಿ ದನಿಗೂಡಿಸಲಿ. ಅದೇ ಸರಿ.

ಇಷ್ಟು ಬರೆದು ಗೆರೆ ಎಳೆದರೆ ಸ್ಟೇಟ್‌ಮೆಂಟ್ ಮುಗಿಯಿತು. ಬೆಲೆ ನೋಡಿದರೆ ಗೂಗಲ್ ಮೀಟ್ ಎಲ್-ವನ್. ಸಹಿ ಮಾಡಿ ಕೊಟ್ಟುಬಿಡಬಹುದಿತ್ತು. ಆದರೆ ಪೆನ್ನು ಮುಂದೆ ಹೋಗಲಿಲ್ಲ. ನಮ್ಮ ಮಾಸ್ತರ ನೆನಪಾಯಿತು.

ಮಾಸ್ತರು ಅಂದರೆ ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿ ನಿವೃತ್ತರಾಗಿ, ನಿಗಡಿಯಲ್ಲಿ ಮಗನ ಮನೆಯಲ್ಲಿ ಇದ್ದವರು. ಮಹಾರಾಷ್ಟ್ರದಲ್ಲೇ ಹುಟ್ಟಿ, ಮಹಾರಾಷ್ಟ್ರದಲ್ಲೇ ಕನ್ನಡ ಕಲಿಸಿದವರು. ವಚನ ಓದಿದರೆ ಅವರೇ ಓದಬೇಕು. 2020ರಲ್ಲಿ ಕೂಟ ಶುರುವಾದಾಗ ಮೊಮ್ಮಗಳು ಅವರಿಗೆ ಫೋನಿನಲ್ಲಿ ಸೇರುವುದನ್ನು ಕಲಿಸಿದ್ದಳು. "ನೀಲಿ ಅಕ್ಷರ ಒತ್ತೂದು, ಆಮ್ಯಾಲೆ ಮೈಕ್ ಒತ್ತೂದು" ಅಂತ ಒಂದು ಚೀಟಿ ಬರೆದು ಫೋನಿನ ಕವರಿನಲ್ಲಿ ಇಟ್ಟುಕೊಂಡಿದ್ದರು. ಒಂದು ಕೂಟವನ್ನೂ ತಪ್ಪಿಸಲಿಲ್ಲ.

2023ರಲ್ಲಿ ನಾವು ಆ್ಯಪ್ ಬದಲಿಸಿದೆವು. ಹೊಸದರಲ್ಲಿ ಸೌಕರ್ಯ ಹೆಚ್ಚು ಅಂತ. ಯಾವುದು ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಅದರದ್ದಲ್ಲ, ನಮ್ಮದು. ಮಾಸ್ತರು ಆ ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ವಯಸ್ಸಾಗಿದೆ, ಆಗುತ್ತಿಲ್ಲವೇನೋ ಅಂದುಕೊಂಡೆವು. ಹೀಗೆ ಆರು ತಿಂಗಳು ಹೋಯಿತು. ಅಷ್ಟು ದಿನ ಒಬ್ಬರೂ ಒಂದು ಫೋನು ಮಾಡಿ ಕೇಳಲಿಲ್ಲ, ನಾನೂ ಸೇರಿ. ಒಂದು ದಿನ ನಿಗಡಿ ಶಾಖೆಗೆ ಇನ್‌ಸ್ಪೆಕ್ಷನ್ ಕೆಲಸಕ್ಕೆ ಹೋದವನು ಸಂಜೆ ಅವರ ಮನೆಗೆ ಹೋದೆ.

"ಯಾಕ್ರಿ ಸರ, ಬರೂದ ಬಿಟ್ರೆಲಾ?" ಅಂದೆ.

ಅವರು ನಕ್ಕರು. "ನಾ ಎಲ್ಲಿ ಬಿಟ್ಟೇನ್ರೀ ಸಾಹೇಬ್ರ? ನೀವು ಬಾಗಲಾ ಬದಲಿ ಮಾಡಿದ್ರಿ, ಕೀಲಿಕೈ ನನಗ ಕೊಡಲಿಲ್ಲ."

ಆಮೇಲೆ ಸೊಸೆ ಹೇಳಿದ್ದು. ಹೊಸ ಆ್ಯಪ್ ಈ-ಮೇಲ್ ಕೇಳುತ್ತಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು, ಓ.ಟಿ.ಪಿ. ಮಗನ ಫೋನಿಗೆ ಹೋಗುತ್ತಿತ್ತು. ಮಗ ಶಿಫ್ಟ್ ಡ್ಯೂಟಿಯಲ್ಲಿ. ಮೊಮ್ಮಗಳು ಓದಲು ಬೇರೆ ಊರಿಗೆ ಹೋಗಿದ್ದಳು. ಪ್ರತಿ ಎರಡನೇ ಭಾನುವಾರ ಐದಕ್ಕೆ ಹತ್ತು ನಿಮಿಷ ಇರುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪುಸ್ತಕದಲ್ಲಿ ಓದಬೇಕಾದ ಪುಟಕ್ಕೆ ದಾರ ಇಟ್ಟುಕೊಂಡು ಕೂರುತ್ತಿದ್ದರಂತೆ. ಐದೂವರೆಯವರೆಗೆ ಒತ್ತಿ ಒತ್ತಿ ನೋಡಿ, ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದರಂತೆ. ಯಾರಿಗೂ ಫೋನ್ ಮಾಡಿ ಹೇಳಲಿಲ್ಲ. ಇಷ್ಟೂ ಬರುವುದಿಲ್ಲವೇ ಅಂತ ಅಂದುಕೊಂಡಾರು ಎಂಬ ಸಂಕೋಚ. ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದವರ ಸಂಕೋಚ ಅದು.

ಅಂದು ಕೂತು ಎಲ್ಲ ಸರಿ ಮಾಡಿಕೊಟ್ಟು ಬಂದೆ. ಆಮೇಲೆ ಅವರು ನಾಲ್ಕು ಕೂಟಕ್ಕೆ ಬಂದರು. ಈಗ ಅವರಿಲ್ಲ. ನಾಲ್ಕು ಸಲ ಓದಿದ್ದು ನೆನಪಿದೆ. ಓದದೇ ಹೋದ ಆರು ಸಲ ಅದಕ್ಕಿಂತ ಹೆಚ್ಚು ನೆನಪಾಗುತ್ತದೆ.

ನನ್ನ ಸ್ಟೇಟ್‌ಮೆಂಟ್‌ನಲ್ಲಿ ಇಲ್ಲದ ಕಾಲಂ ಇದು. ಎಷ್ಟು ಜನ ಸೇರಬಹುದು ಅಂತ ಪ್ರತಿ ಕಂಪನಿಯೂ ಬರೆದಿದೆ. ಎಷ್ಟು ಜನ ಬಾಗಿಲಲ್ಲೇ ಉಳಿದರು ಅಂತ ಯಾರೂ ಬರೆಯುವುದಿಲ್ಲ. ಒಳಗಿರುವ ನಮಗೆ ಅವರು ಕಾಣುವುದೂ ಇಲ್ಲ. ಹಾಲ್‌ನಲ್ಲಿ ನಡೆವ ಕಾರ್ಯಕ್ರಮದಲ್ಲಿ ಮೆಟ್ಟಿಲು ಹತ್ತಲಾರದ ಹಿರಿಯರು ಕಂಡರೆ ಯಾರಾದರೂ ಹೋಗಿ ಕೈ ಹಿಡಿಯುತ್ತೇವೆ. ಇಲ್ಲಿ ಮೆಟ್ಟಿಲೂ ಕಾಣದು, ಹಿರಿಯರೂ ಕಾಣರು. ಪರದೆಯ ಮೇಲೆ ಬಂದವರ ಮುಖ ಮಾತ್ರ ಇರುತ್ತದೆ. ಎಲ್ಲರೂ ಬಂದಿದ್ದಾರೆ ಅಂತಲೇ ಅನ್ನಿಸುತ್ತದೆ.

ಹಾಗಾದರೆ ಒತ್ತಿದರೆ ಸಾಕು ಒಳಗೆ ಹೋಗುವ ಹಾಗಿದ್ದರೆ ಅದೇ ಒಳ್ಳೆಯದೇ? ಅಷ್ಟಕ್ಕೇ ನಿಲ್ಲಿಸಿದರೆ ನಾನು ಬ್ಯಾಂಕಿನವನಲ್ಲ. ಬಾಗಿಲು ಅಂದ ಮೇಲೆ ನಮ್ಮವರೂ ಬರುತ್ತಾರೆ, ಕಳ್ಳರೂ ಬರುತ್ತಾರೆ.

2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಜೂಮ್ ಸುರಕ್ಷಿತವಲ್ಲ, ಬಳಸುವುದಿದ್ದರೆ ಎಚ್ಚರಿಕೆಯಿಂದ ಬಳಸಿ ಅಂತ ಸೂಚನೆ ಹೊರಡಿಸಿತ್ತು. ಆಗ ಕರೆಯದ ಅತಿಥಿಗಳು ಮೀಟಿಂಗಿಗೆ ನುಗ್ಗಿ ಗಲಾಟೆ ಮಾಡುವುದು ಲೋಕದೆಲ್ಲೆಡೆ ನಡೆದಿತ್ತು. ಪ್ರತಿ ಸಭೆಗೂ ಬೇರೆ ಪಾಸ್‌ವರ್ಡ್ ಇಡಿ, ಹೊರಗೆ ಕಾಯಿಸುವ ವ್ಯವಸ್ಥೆ ಇಡಿ, ಪರದೆ ಹಂಚುವ ಅಧಿಕಾರ ನಡೆಸುವವರಿಗೆ ಮಾತ್ರ ಕೊಡಿ, ಎಲ್ಲರೂ ಬಂದ ಮೇಲೆ ಬೀಗ ಹಾಕಿ, ಇವೇ ಅದರಲ್ಲಿದ್ದ ಸಲಹೆಗಳು. ಆಮೇಲೆ ಜೂಮ್‌ನವರು ಬಹಳ ಸುಧಾರಿಸಿಕೊಂಡರು. ಆದರೂ 2023ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಕಲಾಪದಲ್ಲೇ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿ, ವಿಡಿಯೋ ಕಲಾಪವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಹೈಕೋರ್ಟಿಗೇ ಹೀಗಾದರೆ ನಮ್ಮ ಬಳಗ ಯಾವ ಲೆಕ್ಕ? ಬೀಗ ಎಷ್ಟೇ ಒಳ್ಳೆಯದಿರಲಿ, ಹಾಕುವವರು ಬೇಕು.

ಬ್ಯಾಂಕುಗಳಲ್ಲಿ ಇದಕ್ಕೆ ಬೇರೆಯೇ ಶಿಸ್ತು. ಗ್ರಾಹಕರ ಕೆ.ವೈ.ಸಿ.ಯನ್ನು ವಿಡಿಯೋ ಮೂಲಕ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಹೊರಗಿನ ಯಾವುದೋ ಮೀಟಿಂಗ್ ಆ್ಯಪ್ ತೆರೆದು ಮಾಡುವ ಹಾಗಿಲ್ಲ. ಬ್ಯಾಂಕಿನದೇ ವ್ಯವಸ್ಥೆ ಇರಬೇಕು, ತರಬೇತಾದ ಬ್ಯಾಂಕ್ ನೌಕರರೇ ಮಾಡಬೇಕು, ಗ್ರಾಹಕರು ಭಾರತದೊಳಗೇ ಇದ್ದಾರೆ ಅಂತ ಖಾತ್ರಿಯಾಗಬೇಕು, ಎಲ್ಲ ದಾಖಲಾಗಬೇಕು. ಇದೆಲ್ಲ ಯಾಕೆ ಅಂತ ನನಗೆ ಒಂದು ಬೆಳಿಗ್ಗೆ ಚೆನ್ನಾಗಿ ಅರ್ಥವಾಯಿತು.

ನಿವೃತ್ತ ಹೆಂಗಸೊಬ್ಬರು ಕೌಂಟರಿಗೆ ಬಂದು ಎಫ್.ಡಿ. ಮುರಿಸಬೇಕು ಅಂದರು. ಅವಧಿ ಮುಗಿಯಲು ಎರಡೇ ತಿಂಗಳಿತ್ತು. ಬಡ್ಡಿ ಹೋಗುತ್ತದೆ ಅಂದರೂ ಕೇಳಲೊಲ್ಲರು. ಕೈಯಲ್ಲಿ ಫೋನು ಮುಂದೆ ಮಾಡಿ ಹಿಡಿದಿದ್ದಾರೆ, ಕಿವಿಗೆ ವೈರು. ನಮ್ಮ ಕೌಂಟರಿನ ಹುಡುಗಿ ಚುರುಕು, ನನ್ನ ಕ್ಯಾಬಿನ್‌ಗೆ ಕಳಿಸಿದಳು. ನಾನು ಒಂದು ಚೀಟಿಯಲ್ಲಿ ಮರಾಠಿಯಲ್ಲಿ "ಯಾರಾದರೂ ಹೆದರಿಸುತ್ತಿದ್ದಾರೆಯೇ?" ಅಂತ ಬರೆದು ಮುಂದಿಟ್ಟೆ. ಅವರು ತಲೆ ಅಲ್ಲಾಡಿಸಿದರು, ಕಣ್ಣಲ್ಲಿ ನೀರು. ಫೋನಿನಲ್ಲಿ ವಿಡಿಯೋ ಕರೆ ಚಾಲೂ ಇತ್ತು. ಎರಡು ದಿನದಿಂದ ಅದೇ ಕರೆ, ಅಡಿಗೆಮನೆಗೆ ಹೋದರೂ ಕ್ಯಾಮೆರಾ ಮುಂದೆಯೇ ಇರಬೇಕು ಅಂತ ತಾಕೀತು. ಆ ಕಡೆ ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ. ಕರೆ ಕತ್ತರಿಸಿ, ನೀರು ಕುಡಿಸಿ, 1930ಕ್ಕೆ ಫೋನ್ ಹಚ್ಚಿದೆವು. ಎಫ್.ಡಿ. ಉಳಿಯಿತು. "ಅವನ ಹಿಂದೆ ಅಶೋಕ ಸ್ತಂಭ ಇತ್ತು ಸಾಹೇಬ್, ಅದಕ್ಕೇ ನಂಬಿದೆ" ಅಂತ ಆ ತಾಯಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಗಳೇ ಅದನ್ನು ಹೇಳಿದರು. ಈ ಮೋಸಕ್ಕೆ ಬಳಸಿದ 1,700ಕ್ಕೂ ಹೆಚ್ಚು ಸ್ಕೈಪ್ ಖಾತೆ, 59,000 ವಾಟ್ಸಾಪ್ ಖಾತೆಗಳನ್ನು ಬಂದ್ ಮಾಡಿಸಿದ್ದಾಗಿ ಗೃಹ ಇಲಾಖೆ ಅದೇ ವರ್ಷ ತಿಳಿಸಿತು. ನೋಡಿ, ನಮ್ಮ ಮಾಸ್ತರಿಗೆ ಆರು ತಿಂಗಳು ತೆರೆಯದ ಬಾಗಿಲು ಆ ಕಳ್ಳನಿಗೆ ಒಂದೇ ರಿಂಗಿಗೆ ತೆರೆದುಕೊಂಡಿತು. ಎರಡೂ ಕಡೆ ಇದ್ದವರು ಅದೇ ವಯಸ್ಸಿನವರು, ಅದೇ ಸಂಕೋಚದವರು. ಒಬ್ಬರು ಕೇಳಲು ನಾಚಿದರು, ಇನ್ನೊಬ್ಬರು ಹೇಳಲು ಹೆದರಿದರು. ಇಬ್ಬರ ಪಕ್ಕದಲ್ಲೂ ಕೇಳುವವರು ಒಬ್ಬರು ಇರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಆ್ಯಪ್ ಆರಿಸುವಾಗ ನಮ್ಮಲ್ಲಿ ಹೆಚ್ಚು ತಿಳಿದವರನ್ನು ಕೇಳಿ ಆರಿಸುವುದು ತಪ್ಪು. ಕಡಿಮೆ ತಿಳಿದವರನ್ನು ನೋಡಿ ಆರಿಸಬೇಕು. ತಿಳಿದವರು ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ಮತ್ತು ಬಾಗಿಲು ಕಾಯುವ ಕೆಲಸವನ್ನು ಆ್ಯಪ್‌ಗೆ ಬಿಡಬಾರದು, ಒಬ್ಬ ಮನುಷ್ಯನಿಗೆ ಒಪ್ಪಿಸಬೇಕು.

ಕಮಿಟಿಗೆ ನಾನು ಬರೆದುಕೊಟ್ಟದ್ದು ಹೀಗಿದೆ.

ತಿಂಗಳ ಕೂಟಕ್ಕೆ ಜೂಮ್ ಇರಲಿ. 2020ರಲ್ಲಿ ನಮ್ಮ ಹಿರಿಯರು ಕಲಿತದ್ದು ಅದನ್ನೇ. ನಿಜ, ಚಂದಾ ಕೊಡಬೇಕು. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಹೂಗುಚ್ಛ, ಶಾಲು, ಸ್ಮರಣಿಕೆಗೆ ನಾವು ಮಾಡುವ ಖರ್ಚಿನಲ್ಲಿ ಸ್ವಲ್ಪ ಹಿಡಿದರೆ ಅದು ಹೊಂದುತ್ತದೆ. ಮೂರು ವರ್ಷ ಬದಲಿಸುವ ಮಾತು ಬೇಡ.

ಐದಾರು ಜನರ ಕಮಿಟಿ ಮಾತಿಗೆ, ಯಾರದ್ದಾದರೂ ಮನೆಯ ಸುಖದುಃಖಕ್ಕೆ ವಾಟ್ಸಾಪ್ ಸಾಕು. ಶನಿವಾರದ ಮಕ್ಕಳ ಕನ್ನಡ ತರಗತಿಗೆ ಗೂಗಲ್ ಮೀಟ್ ಇರಲಿ. ಶಾಲೆಯ ದಿನಗಳಿಂದ ಮಕ್ಕಳಿಗೆ ಅಭ್ಯಾಸ ಇದೆ, ಒಂದು ಗಂಟೆಯ ಮಿತಿ ಇರುವುದು ಮಕ್ಕಳಿಗೂ ಕಲಿಸುವವರಿಗೂ ಉಪಕಾರ. ಆಫೀಸಿನ ಕೆಲಸಕ್ಕೆ ಆಫೀಸು ಹೇಳಿದ್ದೇ ಸರಿ. ಅದನ್ನು ಬಳಗದ ಮೇಲೆ ಹೇರುವುದು ಬೇಡ, ಬಳಗದ ಸಲಿಗೆಯನ್ನು ಆಫೀಸಿಗೆ ಒಯ್ಯುವುದೂ ಬೇಡ.

ಪ್ರತಿ ಕೂಟಕ್ಕೂ ಇಬ್ಬರನ್ನು ನೇಮಿಸಬೇಕು. ಒಬ್ಬರು ಬಾಗಿಲಲ್ಲಿ ನಿಂತು ಹೆಸರು ನೋಡಿ ಒಳಗೆ ಬಿಡುವವರು. ಇನ್ನೊಬ್ಬರು ಎಪ್ಪತ್ತು ದಾಟಿದ ಎಲ್ಲರಿಗೂ ನಾಲ್ಕೂವರೆಗೆ ಫೋನ್ ಮಾಡಿ "ಕೂಟಕ್ಕ ಬರಾಕತ್ತೀರಲ್ರೀ?" ಅಂತ ಕೇಳುವವರು. ಬರದೇ ಇದ್ದವರಿಗೆ ಮರುದಿನ ಇನ್ನೊಂದು ಫೋನು. ಹಾಗೆ ಫೋನ್ ಮಾಡಿದಾಗಲೇ, ಪೊಲೀಸರು ವಿಡಿಯೋ ಕರೆಯಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ, ಅಂಥ ಕರೆ ಬಂದರೆ ಕತ್ತರಿಸಿ ನಮಗೆ ಹೇಳಿ ಅಂತ ಒಂದು ಮಾತು ಸೇರಿಸಬಹುದು. ಈ ಎರಡನೇ ಕೆಲಸಕ್ಕೆ ನನ್ನ ಹೆಸರನ್ನೇ ಬರೆದುಕೊಟ್ಟಿದ್ದೇನೆ.

ಸ್ಟೇಟ್‌ಮೆಂಟ್‌ನಲ್ಲಿ ಎಲ್-ವನ್ ಅಂತ ಯಾರ ಮುಂದೆಯೂ ಬರೆಯಲಿಲ್ಲ. ಆಡಿಟ್ ಆದರೆ ಆಕ್ಷೇಪ ಬರುತ್ತದೆ, ಬರಲಿ ಬಿಡಿ. ಖಜಾಂಚಿಗಳು ಆಗಲೇ ಒಂದು ಸಲ ಫೋನ್ ಮಾಡಿ ಗೊಣಗಿದ್ದಾರೆ.

ಧಾರವಾಡದಲ್ಲಿ ಅವ್ವನಿಗೆ ಈಗ ಎಂಬತ್ತು ದಾಟಿದೆ. ಸ್ಕೈಪೂ ಗೊತ್ತಿಲ್ಲ, ಜೂಮೂ ಗೊತ್ತಿಲ್ಲ. ರಾತ್ರಿ ಎಂಟಕ್ಕೆ ತಮ್ಮನ ಹೆಂಡತಿ ವಾಟ್ಸಾಪ್ ಹಚ್ಚಿಕೊಟ್ಟರೆ ಫೋನನ್ನು ಕಿವಿಗೆ ಹಿಡಿದುಕೊಳ್ಳುತ್ತಾಳೆ. ನನಗೆ ಕಾಣುವುದು ಅವಳ ಕಿವಿ ಮತ್ತು ಬೆಂಡೋಲೆ. "ಅವ್ವಾ, ಮುಂದ ಹಿಡಿ, ಮಾರಿ ಕಾಣವಲ್ದು" ಅಂತ ಪ್ರತಿದಿನ ಹೇಳುತ್ತೇನೆ. "ಮಾತು ಕೇಳತೈತಿಲ್ಲೋ, ಸಾಕು. ಉಂಡಿ ಏನು?" ಅನ್ನುತ್ತಾಳೆ.

ನಿಮ್ಮ ಸಂಘದಲ್ಲಿ, ಮನೆಯಲ್ಲಿ ಏನು ಬಳಸುತ್ತೀರಿ ಅಂತ ತಿಳಿಸಿ. ಆದರೆ ಅದಕ್ಕೂ ಮೊದಲು, ಹೋದ ತಿಂಗಳು ಯಾರು ಬರಲಿಲ್ಲ ಅಂತ ಒಂದು ಸಲ ಪಟ್ಟಿ ತೆಗೆದು ನೋಡಿ. ಒಂದು ಫೋನ್ ಮಾಡಿ.